ಲ್ಯಾಪ್‌ಟಾಪ್ ಅಂಗಡಿಗೆ ಹೋಗುವಾಗ ಒಂದು ಲಗ್ನಪತ್ರಿಕೆ ಜೊತೆಗಿರಲಿ

ಮೂರು ವರ್ಷದ ಹಿಂದಿನ ಮಾತು. ರಾಜ್ಯೋತ್ಸವಕ್ಕೆ ಇನ್ನು ಎರಡೇ ದಿನ. ತುಮಕೂರಿನ ನಮ್ಮ ಡಿಸೈನ್ ಅಂಗಡಿ ಮುಂದೆ ಆಟೋ ಸ್ಟ್ಯಾಂಡಿನ ಹುಡುಗರು ನಾಲ್ಕು ಜನ ಬ್ಯಾನರ್ ಬಿಚ್ಚಿ, ನಾಲ್ಕು ಮೂಲೆ ಹಿಡಿದುಕೊಂಡು ನಿಂತಿದ್ದರು. 10 ಅಡಿ ಅಗಲ, 8 ಅಡಿ ಎತ್ತರ. ಮೇಲೆ ಅರಿಶಿನ, ಕೆಳಗೆ ಕುಂಕುಮ, ನಡುವೆ ಭುವನೇಶ್ವರಿ. ಅರಿಶಿನ ಚೆನ್ನಾಗೇ ಬಂದಿತ್ತು. ಕುಂಕುಮ ಮಾತ್ರ ಹಳೇ ಗೋಡೆಯ ಇಟ್ಟಿಗೆ ಥರ ಕಾಣುತ್ತಿತ್ತು. "ಅಣ್ಣ, ಇದನ್ನ ಕೆಂಪು ಅಂತಾರಾ?" ಅಂದ ಒಬ್ಬ. ನಾನು ಒಳಗಿಂದ ಲ್ಯಾಪ್‌ಟಾಪ್ ತಂದು ಅವನ ಮುಂದೆ ಹಿಡಿದೆ. ಅದರಲ್ಲಿ ಕೆಂಪು ಕೆಂಪಾಗೇ ಇತ್ತು.

ತೊಂದರೆ ಇದ್ದದ್ದೇ ಅಲ್ಲಿ. ಪ್ರಿಂಟ್ ಹಾಕಿದವರ ತಪ್ಪೇನಿಲ್ಲ, ಇಂಕಿನ ತಪ್ಪೂ ಇಲ್ಲ. ನನ್ನ ಸ್ಕ್ರೀನಿಗೆ ಕಡುಗೆಂಪು ತೋರಿಸುವ ತಾಕತ್ತೇ ಇರಲಿಲ್ಲ. ಎಂಥ ಕೆಂಪು ಕೊಟ್ಟರೂ ಅದು ಸಪ್ಪೆ ಮಾಡಿ ತೋರಿಸುತ್ತಿತ್ತು, ನಾನು ಇನ್ನೂ ಸ್ವಲ್ಪ ಗಾಢ ಬರಲಿ ಅಂತ ಕಪ್ಪು ಇಂಕಿನ ಪ್ರಮಾಣ ಏರಿಸುತ್ತಾ ಹೋಗಿದ್ದೆ. 10, 20, 30. ಕಣ್ಣಿಗೆ ಸರಿ ಕಂಡಾಗ ನಿಲ್ಲಿಸಿದೆ. ನನ್ನ ಸ್ಕ್ರೀನ್ ಹೇಗಿದೆ ಅಂತ ಫ್ಲೆಕ್ಸ್ ಮೆಷಿನ್ನಿಗೆ ಏನು ಗೊತ್ತು? 30 ಭಾಗ ಕಪ್ಪು ಅಂದರೆ ಅದು 30 ಭಾಗ ಕಪ್ಪು ಹಾಕುತ್ತದೆ. 80 ಚದರಡಿ ಎರಡನೇ ಸಲ ನನ್ನ ಕೈಕಾಸಿನಲ್ಲೇ ಪ್ರಿಂಟ್ ಆಯಿತು.

ಈ ಕತೆ ಈಗ ನೆನಪಾಗೋಕೆ ಕಾರಣ ಅಕ್ಕನ ಮಗಳು. ಗುಬ್ಬಿಯಿಂದ ದಿನಾ ತುಮಕೂರಿಗೆ ಓಡಾಡಿಕೊಂಡು ಡಿಸೈನ್ ಕಲಿಯುತ್ತಿದ್ದಾಳೆ. ಹೋದ ತಿಂಗಳು ಫೋನ್ ಮಾಡಿ, "ಮಾಮ, 70 ಸಾವಿರ ಇದೆ. ಐ5 ತಗೊಳ್ಳಲಾ, ಐ7 ತಗೊಳ್ಳಲಾ?" ಅಂದಳು. ಐ5, ಐ7 ಅಂದರೆ ಇಂಟೆಲ್ ಕಂಪನಿಯ ಪ್ರೊಸೆಸರ್, ಲ್ಯಾಪ್‌ಟಾಪಿನ ಮಿದುಳು. ಈ ಪ್ರಶ್ನೆಯನ್ನ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ, ಆದರೆ ಅದು ಕೊನೆಯಲ್ಲಿ ಕೇಳಬೇಕಾದ್ದು. ಡಿಸೈನ್ ಮಾಡುವವರು ಮೊದಲು ಕೇಳಬೇಕಾದ್ದು ಸ್ಕ್ರೀನ್ ಯಾವುದು ಅಂತ. ಆಮೇಲೆ ರ‍್ಯಾಮ್ (ಕೆಲಸದ ಹೊತ್ತಿಗೆ ಬಳಸುವ ಮೆಮೊರಿ) ಎಷ್ಟು, ಮುಂದೆ ಹಾಕಿಸೋಕಾಗುತ್ತಾ ಅಂತ. ಆಮೇಲೆ ನಾವು ಬಳಸುವ ಕನ್ನಡ ಸಾಫ್ಟ್‌ವೇರ್ ಅದರಲ್ಲಿ ಓಡುತ್ತಾ ಅಂತ, ಇದನ್ನಂತೂ ಯಾರೂ ಕೇಳುವುದೇ ಇಲ್ಲ. ಇಷ್ಟೆಲ್ಲ ಆದ ಮೇಲೆ ಉಳಿದ ದುಡ್ಡಿಗೆ ಯಾವ ಪ್ರೊಸೆಸರ್ ಬರುತ್ತೋ ಅದು.

ಸ್ಕ್ರೀನಿನಿಂದ ಶುರು ಮಾಡೋಣ. ಗುಬ್ಬಿ ನಾಟಕ ಕಂಪನಿಯ ಊರು, ಹಾಗಾಗಿ ಅವಳಿಗೆ ಹಾರ್ಮೋನಿಯಂ ಉದಾಹರಣೆ ಕೊಟ್ಟೆ. ಹಾರ್ಮೋನಿಯಂನಲ್ಲಿ ಮೇಲಿನ ಐದಾರು ಮನೆ ಇಲ್ಲವೇ ಇಲ್ಲ ಅಂದುಕೊಳ್ಳಿ. ಹಾಡುವವರು ತಾರಕಕ್ಕೆ ಹೋದಾಗ ನುಡಿಸುವವರು ಏನು ಮಾಡಬೇಕು? ಇರುವುದರಲ್ಲಿ ಕೊನೆಯ ಮನೆಯನ್ನೇ ಒತ್ತಬೇಕು. ಕಡಿಮೆ ಬೆಲೆಯ ಸ್ಕ್ರೀನ್ ಮಾಡುವುದು ಇದನ್ನೇ. ಕುಂಕುಮದ ಕೆಂಪು, ಟೊಮೇಟೊ ಕೆಂಪು, ಗುಲಾಬಿ ಕೆಂಪು ಮೂರೂ ಬೇರೆ ಬೇರೆ ಅಂತ ಫೈಲಿನಲ್ಲಿ ಬರೆದಿರುತ್ತದೆ, ಸ್ಕ್ರೀನ್ ಮೂರಕ್ಕೂ ತನ್ನಲ್ಲಿರುವ ಕೊನೆಯ ಕೆಂಪಿನ ಆಸುಪಾಸಿನಲ್ಲೇ ಏನನ್ನೋ ತೋರಿಸಿ ಸುಮ್ಮನಾಗುತ್ತದೆ.

ಒಂದು ಸ್ಕ್ರೀನಿಗೆ ಎಷ್ಟು ಮನೆ ಇದೆ ಅಂತ ಅಳೆಯಲು ಕೆಲವು ಅಳತೆಗೋಲುಗಳಿವೆ. ಎಲ್ಲರೂ ಬಳಸುವುದು ಎಸ್‌ಆರ್‌ಜಿಬಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ್ದು. ನಿಮ್ಮ ಫೋನಿಗೆ ಬರುವ ಫೋಟೋ, ವೆಬ್‌ಸೈಟಿನ ಚಿತ್ರ ಹೆಚ್ಚುಕಡಿಮೆ ಎಲ್ಲವೂ ಈ ಅಳತೆ ಇಟ್ಟುಕೊಂಡೇ ತಯಾರಾಗುತ್ತವೆ. ಡಿಸೈನಿಗೆ ತಗೊಳ್ಳುವ ಲ್ಯಾಪ್‌ಟಾಪ್ 100% ಎಸ್‌ಆರ್‌ಜಿಬಿ ತೋರಿಸಬೇಕು. 95ರ ಮೇಲಿದ್ದರೂ ನಡೆಯುತ್ತದೆ. ಅದಕ್ಕಿಂತ ಕೆಳಗೆ ಬೇಡ.

ಇಲ್ಲೇ ಒಂದು ಕಣ್ಣುಕಟ್ಟು ಇದೆ. ಎಷ್ಟೋ ಲ್ಯಾಪ್‌ಟಾಪ್‌ಗಳ ವಿವರದಲ್ಲಿ ಎಸ್‌ಆರ್‌ಜಿಬಿ ಅಂತ ಬರೆಯದೆ "45% ಎನ್‌ಟಿಎಸ್‌ಸಿ" ಅಂತ ಬರೆದಿರುತ್ತಾರೆ. ಎನ್‌ಟಿಎಸ್‌ಸಿ ಅನ್ನೋದು 1953ರಲ್ಲಿ ಅಮೆರಿಕದ ಕಲರ್ ಟೀವಿಗೆ ಮಾಡಿದ ಅಳತೆ. ಅಷ್ಟು ಹಳೆಯದನ್ನ ಇವತ್ತಿಗೂ ಯಾಕೆ ಹಿಡಿದುಕೊಂಡಿದ್ದಾರೋ, ಅಂತೂ ಲೆಕ್ಕ ಹೀಗೆ: 72% ಎನ್‌ಟಿಎಸ್‌ಸಿ ಅಂದರೆ ಸುಮಾರಾಗಿ 100% ಎಸ್‌ಆರ್‌ಜಿಬಿ. 45% ಎನ್‌ಟಿಎಸ್‌ಸಿ ಅಂದರೆ 60ರಿಂದ 65% ಎಸ್‌ಆರ್‌ಜಿಬಿ, ಅಷ್ಟೇ. ಅಂದರೆ ಬಣ್ಣದಲ್ಲಿ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಕಾಣೆ. ನನ್ನ ಹಳೇ ಲ್ಯಾಪ್‌ಟಾಪ್ ಇದೇ ಜಾತಿಯದ್ದು. ಇನ್ನು ಕೆಲವು ಕಡೆ ಬಣ್ಣದ ವಿಷಯವನ್ನೇ ಬರೆದಿರುವುದಿಲ್ಲ, "ಫುಲ್ ಎಚ್‌ಡಿ, ಆಂಟಿ ಗ್ಲೇರ್, 144 ಹರ್ಟ್ಸ್" ಅಂತ ಬರೆದು ಬಿಟ್ಟಿರುತ್ತಾರೆ. ಬರೆದಿಲ್ಲ ಅಂದರೆ 45 ಅಂತಲೇ ತಿಳಿದುಕೊಳ್ಳಿ. ಒಳ್ಳೇದು ಹಾಕಿದ್ದರೆ ಅವರು ಸುಮ್ನೆ ಇರುತ್ತಿದ್ದರಾ?

ಮೋಸಹೋಗುವ ಇನ್ನೊಂದು ಜಾಗ ಅಂದರೆ ಒಂದೇ ಹೆಸರಿನ ಲ್ಯಾಪ್‌ಟಾಪು ಎರಡು ಮೂರು ಥರದ ಸ್ಕ್ರೀನಿನಲ್ಲಿ ಬರುತ್ತದೆ. ಯೂಟ್ಯೂಬಿನಲ್ಲಿ ಹೊಗಳಿದ್ದು 100% ಎಸ್‌ಆರ್‌ಜಿಬಿಯದ್ದು, ಅಂಗಡಿಯಲ್ಲಿ ಕೊಟ್ಟಿದ್ದು 45ರದ್ದು, ಹೊರಗಿನ ಕವಚ ಎರಡಕ್ಕೂ ಒಂದೇ. ಅದಕ್ಕೇ ಹೆಸರು ನೋಡಿ ತಗೊಳ್ಳಬೇಡಿ, ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು ಬಂದು, ಅದೇ ನಂಬರಿನ ವಿವರ ಕಂಪನಿಯ ಸೈಟಿನಲ್ಲಿ ತೆಗೆದು ನೋಡಿ.

ಎಸ್‌ಆರ್‌ಜಿಬಿಗಿಂತ ದೊಡ್ಡ ಅಳತೆಗಳೂ ಇವೆ. ಡಿಸಿಐ-ಪಿ3 ಅನ್ನೋದು ಸಿನಿಮಾದವರದ್ದು, ಎಸ್‌ಆರ್‌ಜಿಬಿಗಿಂತ ಸುಮಾರು ಕಾಲು ಭಾಗ ಜಾಸ್ತಿ. ಅಡೋಬಿ ಆರ್‌ಜಿಬಿ 1998ರದ್ದು, ಹಸಿರಿನ ಕಡೆ ಜಾಸ್ತಿ ಚಾಚಿಕೊಂಡಿದೆ, ಪ್ರಿಂಟಿನವರಿಗೆ ಇಷ್ಟ. ಈಗ ಬರುವ ಓಎಲ್‌ಇಡಿ ಸ್ಕ್ರೀನುಗಳು, ಅಂದರೆ ಒಂದೊಂದು ಚುಕ್ಕಿಯೂ ತಾನೇ ಬೆಳಗುವಂಥವು, ಪಿ3ಯನ್ನ ಹೆಚ್ಚುಕಡಿಮೆ ಪೂರ್ತಿ ತೋರಿಸುತ್ತವೆ. ನೋಡಲು ಹಬ್ಬ. ಆದರೆ ಇಲ್ಲಿ ನನ್ನ ಬ್ಯಾನರ್ ಕತೆ ತಿರುಗಿ ನಿಲ್ಲುತ್ತದೆ. ಕಲರ್ ಪ್ರೊಫೈಲ್, ಅಂದರೆ ಯಾವ ಬಣ್ಣವನ್ನ ಹೇಗೆ ತೋರಿಸಬೇಕು ಅಂತ ಹೇಳುವ ಫೈಲು, ಸರಿ ಕೂರಿಸದಿದ್ದರೆ ಸ್ಕ್ರೀನ್ ಸಾದಾ ಕೆಂಪನ್ನೂ ಉರಿಯುವ ಕೆಂಪು ಮಾಡಿ ತೋರಿಸುತ್ತದೆ, ನೀವು ಅಯ್ಯೋ ಜಾಸ್ತಿ ಆಯಿತು ಅಂತ ಇಳಿಸುತ್ತೀರಿ, ಪ್ರಿಂಟು ತೊಳೆದ ಬಟ್ಟೆ ಥರ ಬರುತ್ತದೆ. ಓಎಲ್‌ಇಡಿ ತಗೊಂಡರೆ ಅದರ ಸೆಟ್ಟಿಂಗಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಇದೆಯಾ ನೋಡಿ, ಪ್ರಿಂಟ್ ಕೆಲಸದ ಹೊತ್ತಿಗೆ ಅದಕ್ಕೆ ಹಾಕಿಕೊಳ್ಳಿ. ವರ್ಷಗಟ್ಟಲೆ ದಿನಕ್ಕೆ 10 ಗಂಟೆ ಫೋಟೋಶಾಪಿನ ಅದೇ ಟೂಲ್‌ಬಾರ್ ಅದೇ ಜಾಗದಲ್ಲಿ ನಿಂತಿದ್ದರೆ ಓಎಲ್‌ಇಡಿಯಲ್ಲಿ ಅದರ ನೆರಳು ಅಚ್ಚಾಗಿ ಉಳಿಯುವ ಸಾಧ್ಯತೆಯೂ ಇದೆ. ಅಂಗಡಿ ಕೆಲಸಕ್ಕೆ ನನಗೆ ಒಳ್ಳೆಯ ಐಪಿಎಸ್ ಸ್ಕ್ರೀನೇ (ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಎಲ್‌ಸಿಡಿ) ವಾಸಿ ಅನ್ನಿಸುತ್ತದೆ.

ಎಂಥ ಸ್ಕ್ರೀನ್ ತಂದರೂ ಪ್ರಿಂಟಿನಲ್ಲಿ ಬಾರದ ಬಣ್ಣಗಳು ಕೆಲವು ಇವೆ, ಅದು ಬೇರೆ ಮಾತು. ಸ್ಕ್ರೀನ್ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರಿಂಟು ಇಂಕಿನಿಂದ. ನಮ್ಮ ಕಡೆ ಕೊಬ್ಬರಿ ಎಣ್ಣೆಯ ಲೇಬಲ್ ಕೆಲಸ ಆಗಾಗ ಬರುತ್ತದೆ. ಎಲ್ಲರಿಗೂ ಎಳೆ ಗರಿಯ ಫಳಫಳ ಹಸಿರು ಬೇಕು. ಸ್ಕ್ರೀನಿನಲ್ಲಿ ಅದು ಬಲ್ಬ್ ಥರ ಹೊಳೆಯುತ್ತದೆ, ಸಯಾನ್ (ತಿಳಿನೀಲಿ) ಮತ್ತು ಹಳದಿ ಇಂಕು ಸೇರಿಸಿದರೆ ಅಷ್ಟು ಹೊಳಪು ಬರುವುದೇ ಇಲ್ಲ. ಫೋಟೋಶಾಪಿನಲ್ಲಿ ಕಂಟ್ರೋಲ್ ವೈ ಒತ್ತಿದರೆ ಪ್ರಿಂಟಿನಲ್ಲಿ ಹೇಗೆ ಬರಬಹುದು ಅಂತ ತೋರಿಸುತ್ತದೆ. ಗಿರಾಕಿ ಪಕ್ಕದಲ್ಲಿ ಕೂತಿರುವಾಗಲೇ ಒತ್ತಿ. ಆಮೇಲೆ ಜಗಳ ಇರುವುದಿಲ್ಲ.

ಈಗ ಲಗ್ನಪತ್ರಿಕೆ ವಿಷಯ. ಅಕ್ಕನ ಮಗಳೂ ನಾನೂ ಬಿ.ಎಚ್. ರಸ್ತೆಯ ಒಂದು ಅಂಗಡಿಗೆ ಹೋದೆವು. ಅಂಗಡಿ ಹುಡುಗ ನೇರ ಗೇಮಿಂಗ್ ಲ್ಯಾಪ್‌ಟಾಪ್ ಸಾಲಿಗೆ ಕರೆದುಕೊಂಡು ಹೋದ. ಕೀಬೋರ್ಡಿನ ಕೆಳಗೆ ಕೆಂಪು ನೀಲಿ ದೀಪ. "ಡಿಸೈನ್‌ಗೆ ಬೆಂಕಿ ಸಾರ್ ಇದು." ಸ್ಕ್ರೀನಿನಲ್ಲಿ ಗಿಳಿ, ಸಮುದ್ರ, ಹಣ್ಣು ಅಂತ ಒಂದು ವಿಡಿಯೋ ಓಡುತ್ತಿತ್ತು. ಆ ವಿಡಿಯೋದಲ್ಲಿ ಎಲ್ಲಾ ಸ್ಕ್ರೀನೂ ಚೆನ್ನಾಗೇ ಕಾಣುತ್ತದೆ, ನಿಜವಾದ ಗಿಳಿಯನ್ನ ಯಾರೂ ಪಕ್ಕದಲ್ಲಿ ಹಿಡಿದು ನೋಡುವುದಿಲ್ಲವಲ್ಲ. ನಾನು ವಿಡಿಯೋ ನಿಲ್ಲಿಸಿ, ಜೇಬಿಂದ ಪೆನ್‌ಡ್ರೈವ್ ತೆಗೆದೆ. ಅವಳು ಬ್ಯಾಗಿಂದ ಒಂದು ಲಗ್ನಪತ್ರಿಕೆ ತೆಗೆದಳು. ನಾನೇ ಮಾಡಿದ ಡಿಸೈನ್, ಮರೂನ್ ಅಂಚು, ಚಿನ್ನದ ಹಳದಿ, ಗಣಪತಿಯ ಹಿಂದೆ ಕೇಸರಿ ಛಾಯೆ. ಅದರದ್ದೇ ಫೈಲನ್ನ ತೆರೆದು, ಪತ್ರಿಕೆಯನ್ನ ಸ್ಕ್ರೀನಿನ ಪಕ್ಕ ಹಿಡಿದೆವು.

ಐದು ಸೆಕೆಂಡ್ ಸಾಕಾಯಿತು. ಪತ್ರಿಕೆಯ ಮರೂನು ಸ್ಕ್ರೀನಿನಲ್ಲಿ ಕಂದು. ಕೇಸರಿ ಛಾಯೆ ಕಡುವಿನಿಂದ ತಿಳಿಗೆ ನುಣ್ಣಗೆ ಇಳಿಯುವ ಬದಲು ಪಟ್ಟೆ ಪಟ್ಟೆಯಾಗಿತ್ತು. "ಮಾಮ, ಗಣಪತಿಗೆ ಕಾಮಾಲೆ ಬಂದಂಗಿದೆ" ಅಂದಳು. ಹುಡುಗನೂ ನಕ್ಕ. ಇನ್ನೊಂದು ಸಾಲಿನಲ್ಲಿ ದೀಪಗೀಪ ಏನೂ ಇಲ್ಲದ, ಬೂದು ಬಣ್ಣದ 14 ಇಂಚಿನದ್ದೊಂದು ಇತ್ತು. ಅದರಲ್ಲಿ ತೆರೆದರೆ ಪತ್ರಿಕೆ ಪತ್ರಿಕೆ ಥರಾನೇ ಕಂಡಿತು.

ನೀವು ಇದನ್ನ ಮಾಡುವಾಗ ಮೂರು ನಾಲ್ಕು ವಿಷಯ ಗಮನಿಸಿ. ನೈಟ್ ಲೈಟ್ ಆಫ್ ಇರಲಿ, ಇಲ್ಲದಿದ್ದರೆ ಎಲ್ಲವೂ ಹಳದಿ ಕಾಣುತ್ತದೆ. ಕೂತು ನೋಡಿ, ಎದ್ದು ನಿಂತು ನೋಡಿ, ಪಕ್ಕಕ್ಕೆ ಸರಿದು ನೋಡಿ. ತಲೆ ಅಲ್ಲಾಡಿಸಿದಂತೆ ಬಣ್ಣವೂ ಬದಲಾದರೆ ಅದು ಹಳೇ ಟಿಎನ್ ಜಾತಿಯ ಸ್ಕ್ರೀನ್, ಕೈಬಿಡಿ. ಪತ್ರಿಕೆಯ ಸಣ್ಣ ಅಕ್ಷರದ ಕಡೆ, "ಸುಖಾಗಮನ ಬಯಸುವವರು" ಇರುತ್ತದಲ್ಲ, ಅಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಮೆತ್ತಿಕೊಳ್ಳದೆ ಬಿಡಿಬಿಡಿಯಾಗಿ ಓದಲು ಬರುತ್ತವಾ ನೋಡಿ. 15.6 ಇಂಚಿನ ಫುಲ್ ಎಚ್‌ಡಿಯಲ್ಲಿ (1920×1080) ಒಂದು ಇಂಚಿಗೆ 141 ಪಿಕ್ಸೆಲ್, ಅಂದರೆ ಚುಕ್ಕಿ, 14 ಇಂಚಿನದ್ದರಲ್ಲಿ 157, 16 ಇಂಚಿನ 2560×1600ರಲ್ಲಿ 189. ಕನ್ನಡದ ಒತ್ತುಗಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. 16:10 ಆಕಾರದ ಸ್ಕ್ರೀನ್ ಸಿಕ್ಕರೆ ಇನ್ನೂ ಒಳ್ಳೆಯದು, 1080ರ ಬದಲು 1200 ಸಾಲು ಬರುತ್ತದೆ, ಟೂಲ್‌ಬಾರ್ ತಿಂದುಹಾಕುವ ಜಾಗ ವಾಪಸ್ ಸಿಗುತ್ತದೆ.

ಬೆಳಕನ್ನ ನಿಟ್ಸ್ ಅಂತ ಅಳೆಯುತ್ತಾರೆ. 250 ಅಂದರೆ ಮನೆಯೊಳಗೆ ಮಾತ್ರ. 300 ಪರವಾಗಿಲ್ಲ. ರಸ್ತೆಗೆ ಬಾಯಿ ತೆರೆದ ಅಂಗಡಿಯಲ್ಲಿ, ಬೆಳಗ್ಗೆ 11ರ ಬಿಸಿಲು ಟೇಬಲ್ಲಿನ ಮೇಲೇ ಬೀಳುತ್ತಿದ್ದರೆ, 400 ಬೇಕು ಅಥವಾ ಟೇಬಲ್ ತಿರುಗಿಸಬೇಕು. ಟೇಬಲ್ ತಿರುಗಿಸುವುದು ಅಗ್ಗ.

ಕಲರಿಮೀಟರ್ ಅಂತ ಒಂದು ಸಣ್ಣ ಯಂತ್ರ ಸಿಗುತ್ತದೆ, ಒಂದು ಮುಷ್ಟಿಗಾತ್ರ. ಸ್ಕ್ರೀನಿಗೆ ಜೋತು ಬಿಟ್ಟರೆ ಅದೇ ಒಂದೊಂದೇ ಬಣ್ಣ ಅಳೆದು, ಎಲ್ಲಿ ತಪ್ಪಿದೆಯೋ ಅದಕ್ಕೆ ತಕ್ಕ ಪ್ರೊಫೈಲ್ ಮಾಡಿಕೊಡುತ್ತದೆ. ತಪ್ಪಿನ ಅಳತೆಗೆ ಡೆಲ್ಟಾ ಇ ಅನ್ನುತ್ತಾರೆ, 2ಕ್ಕಿಂತ ಕಡಿಮೆ ಇದ್ದರೆ ಕಣ್ಣಿಗೆ ಗೊತ್ತಾಗುವುದು ಕಷ್ಟ. ನಾವು ಮೂರು ಅಂಗಡಿಯವರು ಸೇರಿ ಒಂದನ್ನ ತಂದಿಟ್ಟುಕೊಂಡಿದ್ದೇವೆ, ಎರಡು ತಿಂಗಳಿಗೊಮ್ಮೆ ಅದು ಅಂಗಡಿಯಿಂದ ಅಂಗಡಿಗೆ ಓಡಾಡುತ್ತದೆ. ಆದರೆ ಒಂದು ನೆನಪಿರಲಿ, ಇದು ಅಪಶ್ರುತಿ ತಿದ್ದುತ್ತದೆ ಅಷ್ಟೇ, ಇಲ್ಲದ ಮನೆಯನ್ನ ಹಾರ್ಮೋನಿಯಂಗೆ ಸೇರಿಸುವುದಿಲ್ಲ.

ಇನ್ನು ರ‍್ಯಾಮ್. ಇದನ್ನ ನಮ್ಮ ಅಂಗಡಿಯ ಕಟಿಂಗ್ ಟೇಬಲ್ ಅಂದುಕೊಳ್ಳಿ. ಟೇಬಲ್ ದೊಡ್ಡದಿದ್ದರೆ ಬ್ಯಾನರ್ ಪೂರ್ತಿ ಹರಡಬಹುದು. ಚಿಕ್ಕದಿದ್ದರೆ ಒಂದು ಕಡೆ ಸುತ್ತಿ, ಇನ್ನೊಂದು ಕಡೆ ಬಿಚ್ಚಿ, ಮತ್ತೆ ಅದನ್ನ ಸುತ್ತಿ ಅಂತ ಒದ್ದಾಡಬೇಕು. ಲ್ಯಾಪ್‌ಟಾಪ್ ಹೀಗೆ ಸುತ್ತಿಡುವ ಜಾಗವೇ ಡಿಸ್ಕ್, ಫೋಟೋಶಾಪ್ ಅದಕ್ಕೆ ಸ್ಕ್ರ್ಯಾಚ್ ಡಿಸ್ಕ್ ಅನ್ನುತ್ತದೆ.

ಎಷ್ಟು ದೊಡ್ಡ ಟೇಬಲ್ ಬೇಕು ಅಂತ ಲೆಕ್ಕ ಹಾಕಿಯೇ ನೋಡೋಣ. ಅದೇ 10×8 ಅಡಿ ಬ್ಯಾನರ್. ಅಡಿಗೆ 12 ಇಂಚಿನಂತೆ 120×96 ಇಂಚು. ಇಂಚಿಗೆ 72 ಪಿಕ್ಸೆಲ್ ಇಟ್ಟರೆ 8640×6912, ಅಂದರೆ ಸುಮಾರು 6 ಕೋಟಿ ಪಿಕ್ಸೆಲ್. ಒಂದೊಂದು ಪಿಕ್ಸೆಲ್ಲಿಗೂ ನಾಲ್ಕು ಇಂಕು, ಇಂಕಿಗೆ ಒಂದು ಬೈಟ್. ಒಟ್ಟು 24 ಕೋಟಿ ಬೈಟ್, ಹತ್ತಿರ ಹತ್ತಿರ 240 ಎಂಬಿ. ಇದು ಒಂದೇ ಲೇಯರ್, ಅಂದರೆ ಒಂದರ ಮೇಲೊಂದು ಇಡುವ ಪದರಗಳಲ್ಲಿ ಒಂದು. ಹಿಂದೆ ಬಾವುಟ, ಅದರ ಮೇಲೆ ಹೊಳಪು, ಭುವನೇಶ್ವರಿ, ಅಧ್ಯಕ್ಷರು, ಉಪಾಧ್ಯಕ್ಷರು, ಖಜಾಂಚಿ, ಅವರೆಲ್ಲರ ನೆರಳು ಅಂತ ಹತ್ತು ಲೇಯರ್ ಆದರೆ 2 ಜಿಬಿ ಮೇಲೆ. ನೀವು ಹಿಂದಕ್ಕೆ ಹೋಗಲಿ ಅಂತ ಅದು ನೆನಪಿಟ್ಟುಕೊಳ್ಳುವ ಹಿಸ್ಟರಿ ಬೇರೆ. 8 ಜಿಬಿಯ ಲ್ಯಾಪ್‌ಟಾಪಿನಲ್ಲಿ ವಿಂಡೋಸು, ಕ್ರೋಮು, ಗಿರಾಕಿ ಫೋಟೋ ಕಳಿಸುವ ವಾಟ್ಸಾಪ್ ಎಲ್ಲ ತಿಂದು ಉಳಿಯುವುದೇ ಎರಡು ಮೂರು ಜಿಬಿ. ಅಡೋಬಿಯವರೂ ಫೋಟೋಶಾಪಿಗೆ 8 ಜಿಬಿ ಕನಿಷ್ಠ, 16 ಇದ್ದರೆ ಒಳ್ಳೆಯದು ಅಂತಲೇ ಹೇಳುವುದು. ಹಾಗಾಗಿ 16ಕ್ಕಿಂತ ಕಡಿಮೆ ತಗೊಳ್ಳಬೇಡಿ.

ಅದೇ ಬ್ಯಾನರನ್ನ ಇಂಚಿಗೆ 300ರಲ್ಲಿ ಮಾಡಿದರೆ? 36000×28800. ನೂರು ಕೋಟಿಗೂ ಜಾಸ್ತಿ ಪಿಕ್ಸೆಲ್, ಒಂದು ಲೇಯರಿಗೇ 4 ಜಿಬಿ. ಫೋಟೋಶಾಪಿನ ಪಿಎಸ್‌ಡಿ ಫೈಲು ಒಂದು ಬದಿಗೆ 30,000 ಪಿಕ್ಸೆಲ್ ದಾಟುವಂತೆಯೇ ಇಲ್ಲ, ದಾಟಿದರೆ ಪಿಎಸ್‌ಬಿ ಅಂತ ಸೇವ್ ಮಾಡಬೇಕು. ಒಬ್ಬ ಹುಡುಗ ಲ್ಯಾಪ್‌ಟಾಪ್ ಬಹಳ ನಿಧಾನ, ಒಂದೂವರೆ ಲಕ್ಷದ್ದು ತಗೋಬೇಕು ಅಂತ ನನ್ನ ಹತ್ತಿರ ಬಂದಿದ್ದ. ತೆಗೆದು ನೋಡಿದರೆ ಫ್ಲೆಕ್ಸಿಗೂ 300 ಇಟ್ಟುಕೊಂಡು ಕೂತಿದ್ದ. ರಸ್ತೆಯ ಆ ಕಡೆಯಿಂದ ನೋಡುವ ಬ್ಯಾನರಿಗೆ 72 ಧಾರಾಳ. ಇಳಿಸಿಕೊಟ್ಟೆ, ಅದೇ ಹಳೇ ಲ್ಯಾಪ್‌ಟಾಪು ಓಡತೊಡಗಿತು. 300 ಬೇಕಾಗುವುದು ಕೈಯಲ್ಲಿ ಹಿಡಿದು ನೋಡುವ ಲಗ್ನಪತ್ರಿಕೆಗೆ, 7×5 ಇಂಚಿನ ಪತ್ರಿಕೆ 300ರಲ್ಲಿ ಮಾಡಿದರೂ ಲೇಯರಿಗೆ 12–13 ಎಂಬಿ ಅಷ್ಟೇ.

ರ‍್ಯಾಮ್ ಮುಂದೆ ಹಾಕಿಸಬಹುದಾ ಅಂತ ಕೇಳಿಯೇ ತಗೊಳ್ಳಿ. ಎಲ್‌ಪಿಡಿಡಿಆರ್ ಅಂತ ಬರೆದಿದ್ದರೆ ಬಹುತೇಕ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ತಗೊಂಡ ದಿನ ಎಷ್ಟಿತ್ತೋ ಕೊನೆವರೆಗೂ ಅಷ್ಟೇ. ಸಾದಾ ಡಿಡಿಆರ್4, ಡಿಡಿಆರ್5 ಆಗಿದ್ದು ಒಂದು ಸ್ಲಾಟ್ ಖಾಲಿ ಇದ್ದರೆ ಮುಂದಿನ ವರ್ಷ ಕೈಯಲ್ಲಿ ಕಾಸು ಆಡಿದಾಗ ಸೇರಿಸಬಹುದು. 16 ಅನ್ನುವುದು 8+8 ಅಂತ ಎರಡು ಪಟ್ಟಿಯಲ್ಲಿದ್ದರೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿಗೆ ಒಂದಿಷ್ಟು ಹುರುಪು ಜಾಸ್ತಿ.

ಡಿಸ್ಕಿನ ಬಗ್ಗೆ ಹೆಚ್ಚು ಹೇಳೋಕಿಲ್ಲ. ಚಿಪ್ಪಿನಲ್ಲೇ ಫೈಲ್ ಇಡುವ ಎಸ್‌ಎಸ್‌ಡಿ, ಅದರಲ್ಲೂ ವೇಗದ ಎನ್‌ವಿಎಂಇ, 512 ಜಿಬಿಗೆ ಕಡಿಮೆ ಬೇಡ, ಐದನೇ ಒಂದು ಭಾಗ ಯಾವಾಗಲೂ ಖಾಲಿ ಬಿಡಿ. ಸೆಕೆಂಡಿಗೆ 3,500 ಎಂಬಿ ಓದುವುದಕ್ಕೂ 7,000 ಓದುವುದಕ್ಕೂ ನಮ್ಮ ಕೆಲಸದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹಳೇ ಫೈಲುಗಳಿಗೆ ಹೊರಗಿನ ಹಾರ್ಡ್ ಡಿಸ್ಕ್ ಒಂದಿರಲಿ. ಹೋದ ವರ್ಷದ ಜಾತ್ರೆ ಪೋಸ್ಟರ್ ಈ ವರ್ಷ ದಿನಾಂಕ ಬದಲಿಸಿ ಕೊಡಿ ಅಂತ ಬಂದೇ ಬರುತ್ತಾರೆ.

ಈಗ ಯಾರೂ ಕೇಳದ ಪ್ರಶ್ನೆ, ಕನ್ನಡದ್ದು. ನಮ್ಮ ಜಿಲ್ಲೆಯ ಡಿಟಿಪಿ ಕೆಲಸ ಇವತ್ತಿಗೂ ಅರ್ಧಕ್ಕರ್ಧ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ನಡೆಯುತ್ತದೆ. ಕನ್ನಡ ಗಣಕ ಪರಿಷತ್ತಿನವರು ಮಾಡಿದ್ದು, ವಿಂಡೋಸಿಗೆ. ಇದರ ಹಳೇ ಫಾಂಟುಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿ) ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿ ಮಾಡಿದವು. ಫಾಂಟ್ ಇದ್ದರೆ ತುಮಕೂರು, ಇಲ್ಲದಿದ್ದರೆ ಕೊಂಬು ಕೋಡು ಬಂದ ಇಂಗ್ಲಿಷ್ ಅಕ್ಷರಗಳ ರಾಶಿ. ಗಿರಾಕಿಗಳು, ಹಳೇ ಪ್ರೆಸ್ಸಿನವರು ಮ್ಯಾಟರನ್ನ ಹೀಗೇ ಕೊಡುತ್ತಾರೆ. ಕೆಲವು ಅಂಗಡಿಗಳಲ್ಲಂತೂ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ 7 ಇನ್ನೂ ಇದೆ, 2001ರದ್ದು, ಅದರ ನಂತರ ಅದು ಬಂದೇ ಇಲ್ಲ.

ಇದನ್ನ ಯಾಕೆ ಹೇಳುತ್ತಿದ್ದೇನೆ ಅಂದರೆ, ಬೆಂಗಳೂರಿನ ಸ್ಟುಡಿಯೋಗಳಲ್ಲಿ ಮ್ಯಾಕ್‌ಬುಕ್ ನೋಡಿ ಬಂದವರು ಅದೇ ಬೇಕು ಅನ್ನುತ್ತಾರೆ. ಮ್ಯಾಕ್‌ಬುಕ್ ಏರ್ ಒಳ್ಳೆಯ ವಸ್ತು, ಸುಳ್ಳು ಹೇಳೋಕಾಗಲ್ಲ. ಪಿ3 ಸ್ಕ್ರೀನು, ಎಂ2 ಚಿಪ್ ಬಂದಾಗಿನಿಂದ 500 ನಿಟ್ಸ್ ಬೆಳಕು, ಫ್ಯಾನೇ ಇಲ್ಲದ್ದರಿಂದ ಸದ್ದಿಲ್ಲ, 2024ರ ಅಕ್ಟೋಬರಿನಿಂದ ಕನಿಷ್ಠ ರ‍್ಯಾಮೇ 16 ಜಿಬಿ. ಆ್ಯಪ್ ಡಿಸೈನ್, ಸೋಷಿಯಲ್ ಮೀಡಿಯಾ ಕೆಲಸ, ಯೂನಿಕೋಡ್ ಕನ್ನಡ ಮಾತ್ರ ಬಳಸುವವರು ಕಣ್ಣುಮುಚ್ಚಿಕೊಂಡು ತಗೊಳ್ಳಬಹುದು. ಆದರೆ ನುಡಿ ಫೈಲು, ಪೇಜ್‌ಮೇಕರ್ ಫೈಲು ಬಂದರೆ ಅಲ್ಲಿ ಕೈ ಕಟ್ಟಿ ಕೂರಬೇಕು. ಡಿಸೈನಿನವರು ಬಳಸುವ ಕೋರಲ್‌ಡ್ರಾ 2019ರಿಂದ ಮ್ಯಾಕ್‌ಗೂ ಇದೆ, ಆದರೂ ನಮ್ಮ ಪ್ರಿಂಟರ್‌ಗಳ ಲೋಕವೆಲ್ಲ ವಿಂಡೋಸಿನಲ್ಲೇ ಇದೆ. ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳದ್ದೂ ಇಂಥದ್ದೇ ಒಂದು ಕಿರಿಕಿರಿ. ಬ್ಯಾಟರಿ ಅದ್ಭುತ, ಆದರೆ ಹಳೇ ಡ್ರೈವರ್ ಬೇಡುವ ಯುಎಸ್‌ಬಿ ಲಾಕ್ (ಕೆಲವು ಸಾಫ್ಟ್‌ವೇರ್ ಓಡಲು ಸಿಕ್ಕಿಸಬೇಕಾದ ಬೀಗ), ಹಳೇ ಪ್ಲಾಟರ್ ಮೆಷಿನ್ನು ಅದರಲ್ಲಿ ಮಾತಾಡದೇ ಹೋಗಬಹುದು. ತಗೊಳ್ಳುವ ಮೊದಲೇ ಅದನ್ನ ಸಿಕ್ಕಿಸಿ ನೋಡಿ.

ಯೂನಿಕೋಡ್ ಬಳಸುವವರಿಗೆ ಒಂದು ಅಡ್ಡ ಮಾತು, ಲ್ಯಾಪ್‌ಟಾಪಿಗೆ ಸಂಬಂಧ ಇಲ್ಲ. ಫೋಟೋಶಾಪಿನಲ್ಲಿ "ಜ್ಯೇಷ್ಠ ಪುತ್ರ" ಟೈಪ್ ಮಾಡಿದರೆ ಒತ್ತು ಕಳಚಿ "ಜ್‌ಯೇಷ್‌ಠ" ಅಂತ ಬರುತ್ತಾ? ಲ್ಯಾಪ್‌ಟಾಪ್ ಕೆಟ್ಟಿಲ್ಲ. ಹಳೇ ಫೋಟೋಶಾಪ್ ಆಗಿದ್ದರೆ ಟೈಪ್ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿಕೊಳ್ಳಿ, ಸರಿಹೋಗುತ್ತದೆ.

ಪ್ರೊಸೆಸರಿಗೆ ಬಂದೆವು. ಫೋಟೋಶಾಪ್, ಕೋರಲ್, ಇಲ್ಲಸ್ಟ್ರೇಟರ್ ಇವುಗಳ ಬಹುಪಾಲು ಕೆಲಸ ಒಂದೆರಡು ಕೋರಿನ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ) ವೇಗದ ಮೇಲೇ ನಿಂತಿರುತ್ತದೆ, 14 ಕೋರ್ ಇದ್ದರೆ ಹದಿನಾಲ್ಕು ಪಟ್ಟು ವೇಗ ಬರುವುದಿಲ್ಲ. ಈಚಿನ ಐ5 ಸಾಕು. ಹೆಸರಿನ ಕೊನೆಯ ಅಕ್ಷರ ನೋಡಿ: ಯು ಅಂದರೆ ಕಡಿಮೆ ಕರೆಂಟ್ ತಿಂದು ತಣ್ಣಗಿರುವ ಚಿಪ್, ಎಚ್ ಅಂದರೆ ಜಾಸ್ತಿ ತಿಂದು ಜಾಸ್ತಿ ದುಡಿಯುವುದು. ಇಂಟೆಲ್ಲಿನ ಎದುರಾಳಿ ಎಎಂಡಿಯ ರೈಜನ್ 7000 ಸಾಲಿನಲ್ಲಿ ಒಂದು ತಮಾಷೆ ಇದೆ, ಮೊದಲ ಅಂಕಿ ನೋಡಿ ಹೊಸದು ಅಂದುಕೊಳ್ಳುತ್ತೇವೆ, ನಿಜ ಹೇಳುವುದು ಮೂರನೇ ಅಂಕಿ. 7520ಯು ಒಳಗಿರುವುದು 2019ರ ಜೆನ್ 2 ವಿನ್ಯಾಸ, 7530ಯು ಒಳಗೆ ಅದರ ಮುಂದಿನ ಜೆನ್ 3. ಹತ್ತೇ ಅಂಕಿ ವ್ಯತ್ಯಾಸ, ಕೆಲಸದಲ್ಲಿ ಒಂದು ತಲೆಮಾರು.

ಗ್ರಾಫಿಕ್ಸ್ ಕಾರ್ಡು ಬರೀ ಬ್ಯಾನರ್, ಪತ್ರಿಕೆ, ಲೋಗೋ ಮಾಡುವವರಿಗೆ ಬೇಡ. ವಿಡಿಯೋ ಎಡಿಟ್, ಆಫ್ಟರ್ ಎಫೆಕ್ಟ್ಸ್, ಬ್ಲೆಂಡರಿನಲ್ಲಿ 3ಡಿ ಮಾಡುವವರಿಗೆ ಬೇಕು. ಅಲ್ಲಿಯೂ ಹೆಸರು ನೋಡಿ ಮೋಸಹೋಗಬೇಡಿ. ಆರ್‌ಟಿಎಕ್ಸ್ 4050 ಅನ್ನೋ ಒಂದೇ ಕಾರ್ಡು ಒಂದು ಲ್ಯಾಪ್‌ಟಾಪಿನಲ್ಲಿ 35 ವ್ಯಾಟಿಗೆ, ಇನ್ನೊಂದರಲ್ಲಿ 115 ವ್ಯಾಟಿಗೆ ಓಡುತ್ತಿರಬಹುದು. ಒಂದೇ ಹೋಟೆಲಿನ ಹೆಸರು, ಅಡುಗೆಯವರು ಬೇರೆ. ಇನ್ನು 144 ಹರ್ಟ್ಸ್, ಅಂದರೆ ಸ್ಕ್ರೀನ್ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವುದು, ಅದು ಆಟ ಆಡುವವರಿಗೆ. ಲಗ್ನಪತ್ರಿಕೆ ಎಲ್ಲಿಗೂ ಓಡುವುದಿಲ್ಲ.

ದಿನವೂ ಒಂದೇ ಟೇಬಲ್ಲಿನಲ್ಲಿ ಕೂತು ಕೆಲಸ ಮಾಡುವವರಿಗೆ ನಾನು ಹೇಳುವುದೇ ಬೇರೆ. ಲ್ಯಾಪ್‌ಟಾಪಿನ ಸ್ಕ್ರೀನ್ ಸುಮಾರಾಗಿದ್ದರೂ ಪರವಾಗಿಲ್ಲ, 99% ಎಸ್‌ಆರ್‌ಜಿಬಿಯ 24 ಇಂಚಿನ ಮಾನಿಟರ್ ಒಂದನ್ನ ಪಕ್ಕಕ್ಕೆ ಹಾಕಿಕೊಳ್ಳಿ. ಬಣ್ಣ ಅಲ್ಲಿ ನೋಡಿ, ವಾಟ್ಸಾಪ್ ಇಲ್ಲಿ ನೋಡಿ. ಕತ್ತಿಗೂ ಹಿತ. ಕರೆಂಟ್ ಹೋದಾಗ ಮಾನಿಟರ್ ಆರುತ್ತದೆ, ಲ್ಯಾಪ್‌ಟಾಪ್ ಉಳಿಯುತ್ತದೆ, ಫೈಲ್ ಉಳಿಯುತ್ತದೆ. ಗೇಮಿಂಗ್ ಲ್ಯಾಪ್‌ಟಾಪುಗಳು ಬ್ಯಾಟರಿಯ ಮೇಲೆ ಬಂದ ತಕ್ಷಣ ಮಂಕಾಗುತ್ತವೆ ಅನ್ನೋದೂ ಗೊತ್ತಿರಲಿ. ನಮ್ಮ ಹುಡುಗಿಗೆ ಈ ಮಾನಿಟರ್ ಉಪಾಯ ಹೊಂದುವುದಿಲ್ಲ, ಗುಬ್ಬಿಯಿಂದ ದಿನಾ ಹೊತ್ತುಕೊಂಡು ಬರಬೇಕು. ಎರಡೂಕಾಲು ಕೇಜಿ ಲ್ಯಾಪ್‌ಟಾಪು, ಅದರ ಇಟ್ಟಿಗೆಯಂಥ ಚಾರ್ಜರು ಹೊತ್ತು ನಿಂತುಕೊಂಡು ಬಂದರೆ ಒಂದು ವಾರಕ್ಕೆ ಡಿಸೈನ್ ಆಸೆಯೇ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಬಗ್ಗೆಯೂ ಕೇಳಿದಳು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಆಫೀಸುಗಳಿಂದ ಬಂದ ಗಟ್ಟಿ ಲ್ಯಾಪ್‌ಟಾಪುಗಳು ಸಿಗುತ್ತವೆ, 70 ಕಿಲೋಮೀಟರ್ ಹೋಗಿ ಬರಬಹುದು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್ಲಿನ 8ನೇ ತಲೆಮಾರು ಅಥವಾ ಅದರ ಮುಂದಿನದ್ದು ಬೇಕು. ಲೆಕ್ಕಪತ್ರ ಬರೆಯಲು ಮಾಡಿದ ಲ್ಯಾಪ್‌ಟಾಪುಗಳಾದ್ದರಿಂದ ಬಹಳಷ್ಟರಲ್ಲಿ ಸ್ಕ್ರೀನ್ ಅದೇ 45ರದ್ದು. ಲಗ್ನಪತ್ರಿಕೆ ಅಲ್ಲಿಗೂ ತಗೊಂಡು ಹೋಗಿ.

ಅಂಗಡಿ ಇಟ್ಟುಕೊಂಡು ಜಿಎಸ್‌ಟಿ ನೋಂದಣಿ ಇರುವವರು, ಕಾಂಪೊಸಿಷನ್ ಸ್ಕೀಮಿನಲ್ಲಿ ಇಲ್ಲದಿದ್ದರೆ, ಬಿಲ್ಲಿನ ಮೇಲೆ ನಿಮ್ಮ ನಂಬರ್ ಹಾಕಿಸಿ. ಲ್ಯಾಪ್‌ಟಾಪ್ ಮೇಲೆ ತೆರಿಗೆ 18%. 70 ಸಾವಿರದ ಬಿಲ್ಲಿನಲ್ಲಿ 10,600ಕ್ಕೂ ಜಾಸ್ತಿ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವಂತೆ, ಬರುತ್ತದೆ. ರ‍್ಯಾಮಿನ ಖರ್ಚಿಗೆ ಅದು ಒಂದಿಷ್ಟು ಆದೀತು. ವಾರಂಟಿ ಕೇಳುವಾಗ ಎಷ್ಟು ವರ್ಷ ಅಂತ ಮಾತ್ರ ಕೇಳಬೇಡಿ, ರಿಪೇರಿಗೆ ಅವರು ಇಲ್ಲಿಗೆ ಬರುತ್ತಾರಾ, ನಾವು ಬೆಂಗಳೂರಿಗೆ ಹೊತ್ತುಕೊಂಡು ಹೋಗಬೇಕಾ ಅಂತ ಕೇಳಿ.

ಕೊನೆಗೆ ಅವಳು ತಗೊಂಡಿದ್ದು ಆ ಬೂದು ಬಣ್ಣದ್ದೇ. 14 ಇಂಚು, 16:10, 100% ಎಸ್‌ಆರ್‌ಜಿಬಿ, 16 ಜಿಬಿ, ಒಂದೂವರೆ ಕೇಜಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಐ5. ಅಂಗಡಿ ಹುಡುಗ, "ಸಾರ್, ಆ ಕಾರ್ಡ್ ಫೈಲ್ ನಮಗೂ ಒಂದು ಕಾಪಿ ಕೊಡಿ" ಅಂತ ಕೇಳಿದ. ಗಂಡು ಹೆಣ್ಣಿನ ಹೆಸರು ತೆಗೆದು ಕೊಟ್ಟೆ.

ಹತ್ತು ದಿನ ಬಿಟ್ಟು ಮತ್ತೆ ಫೋನ್. ಕಾಲೇಜಿನ ಪೋಸ್ಟರ್ ಪ್ರಿಂಟ್ ಹಾಕಿಸಿದ್ದಳು. "ಮಾಮ, ಬಣ್ಣ ಸರಿ ಬಂದಿದೆ, ಆದರೆ ಯಾಕೋ ಎಲ್ಲಾ ಕತ್ತಲೆ ಕತ್ತಲೆ ಇದೆ."

"ಬ್ರೈಟ್‌ನೆಸ್ ಎಷ್ಟಿಟ್ಟಿದ್ದೆ?"

"ಫುಲ್."

ಕಾಗದಕ್ಕೆ ಸ್ವಂತ ಬೆಳಕಿಲ್ಲ, ಅದು ಟ್ಯೂಬ್‌ಲೈಟಿನ ಬೆಳಕನ್ನೇ ವಾಪಸ್ ಕೊಡಬೇಕು. 400 ನಿಟ್ಸ್ ಉರಿಸಿಕೊಂಡು ಮಾಡಿದ ಡಿಸೈನು ಕಾಗದದ ಮೇಲೆ ಬಂದಾಗ ಮಬ್ಬಾಗಿ ಕಾಣುವುದು ಸಹಜ. ಪ್ರಿಂಟಿಗೆ ನೋಡುವಾಗ 120 ನಿಟ್ಸ್ ಆಸುಪಾಸು ಇರಬೇಕು ಅನ್ನುತ್ತಾರೆ. ಅಳೆಯುವ ಯಂತ್ರ ಇಲ್ಲದಿದ್ದರೆ ಬೇಡ ಅಂದೆ. ಸ್ಕ್ರೀನಿನಲ್ಲಿ ಒಂದು ಖಾಲಿ ಬಿಳಿ ಪುಟ ತೆರಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿ, ಎರಡೂ ಒಂದೇ ಬಿಳಿ ಕಾಣೋವರೆಗೂ ಬ್ರೈಟ್‌ನೆಸ್ ಇಳಿಸುತ್ತಾ ಬಾ. ಆಮೇಲೆ ಪೋಸ್ಟರ್ ಫೈಲ್ ತೆರೆದು ಎಲ್ಲೆಲ್ಲಿ ಮಬ್ಬಿದೆಯೋ ಅಲ್ಲಿ ತಿದ್ದು.

ಅವಳು ಇಳಿಸುತ್ತಾ ಹೋಗಿದ್ದು ಫೋನಿನಲ್ಲೇ ಕೇಳುತ್ತಿತ್ತು. "90... 70... 50... ಮಾಮ, ಇನ್ನೂ ಇಳಿಸಬೇಕಾ?"

"ಇಳಿಸು."